ಯಾವ ಥೇಟರಾದರೇನು, ಅಳು ಒಂದೇ

ಮಾನ ಒಂದು ಸಲ ಹೋದರೆ ಅದನ್ನು ಅಪಘಾತ ಎನ್ನಬಹುದು. ನನ್ನದು ಕಂತು ಕಂತಾಗಿ ಹೋಗುತ್ತಿದೆ, ಪ್ರತಿ ಸಲವೂ ಥೇಟರಿನಲ್ಲಿ.

ನಮ್ಮ ಅವಳಿ ಊರಿನಲ್ಲಿ ಥೇಟರೆಂದರೆ ಒಂದು ಬಗೆಯದಲ್ಲ. ಸಿನಿಮಾ ತೋರಿಸುವುದು ಥೇಟರು; ನಮ್ಮಪ್ಪ ಅದನ್ನು ಟಾಕೀಸು ಎನ್ನುತ್ತಿದ್ದರು. ನಾಟಕ ಆಡುವುದೂ ಥೇಟರೇ. ಧಾರವಾಡದವರು ಸ್ವಲ್ಪ ನಾಜೂಕಾಗಿ ರಂಗಮಂದಿರ ಎನ್ನುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳುವುದಕ್ಕೊಂದು, ದವಾಖಾನೆಯಲ್ಲಿ ಹೊಟ್ಟೆ ಕೊಯ್ಯುವುದಕ್ಕೊಂದು. ಯಾವುದರ ಬಾಗಿಲು ದಾಟಿದರೂ ನನಗೆ ಅಳು ಬರುತ್ತದೆ.

ಅಳುವುದು ತಪ್ಪೇನಲ್ಲ. ಆದರೆ ನಾನು ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರಿ. ಅಲ್ಲಿ ದರ ಮಾತಾಡುವಾಗ ಎದುರಿನವನು ನನ್ನ ಬಾಯಿ ನೋಡುವುದಿಲ್ಲ, ಮುಖ ನೋಡುತ್ತಾನೆ. ಮುಖ ಮೆತ್ತಗಾಯಿತೋ, ವ್ಯಾಪಾರ ಕೆಟ್ಟಿತು. ಇಪ್ಪತ್ತು ವರ್ಷ ಮೀಸೆ ಬೆಳೆಸಿ, ಹುಬ್ಬು ಗಂಟಿಕ್ಕಿ ‘ಕಲ್ಲಿನಂಥ ಮನುಷ್ಯ’ ಎಂಬ ಹೆಸರು ಗಳಿಸಿದ್ದೆ. ನನ್ನ ಎದುರಂಗಡಿಯ ವ್ಯಾಪಾರಿಗೆ ಆ ಹೆಸರಿನ ಮೇಲೆ ಮೊದಲಿಂದಲೂ ಅನುಮಾನವಿತ್ತು.

ಟಾಕೀಸು

ಹೆಂಡತಿಯ ಒತ್ತಾಯಕ್ಕೆ ಒಂದು ಮಧ್ಯಾಹ್ನ ಸಿನಿಮಾಕ್ಕೆ ಹೋದೆವು. ಹಾಸ್ಯದ ಸಿನಿಮಾ ಎಂದು ಖಾತ್ರಿ ಮಾಡಿಕೊಂಡೇ ಹೋಗಿದ್ದೆ. ಆದರೆ ಸಿನಿಮಾಕ್ಕೆ ಮೊದಲು ತಂಬಾಕು ತಿನ್ನಬೇಡಿ ಎಂಬ ಜಾಹೀರಾತು ಬರುತ್ತದಲ್ಲ, ಅದರಲ್ಲಿ ಒಂದು ಸಣ್ಣ ಹುಡುಗಿ ಅಪ್ಪನ ಮುಖ ನೋಡುತ್ತ ನಿಂತಿದ್ದಳು. ಅಷ್ಟೇ ಸಾಕಾಯಿತು. ಕರ್ಚೀಫು ತೊಯ್ದು, ಹೆಂಡತಿಯ ಸೆರಗು ತೊಯ್ದು, ಜಾಹೀರಾತು ಮುಗಿದು ದೀಪ ಹತ್ತಿದಾಗ ನೋಡಿದರೆ ಪಕ್ಕದ ಸೀಟಿನಲ್ಲಿ ಎದುರಂಗಡಿಯವರು ಸಂಸಾರಸಮೇತ ಕೂತಿದ್ದಾರೆ.

ಪಿಕ್ಚರ್ ಇನ್ನೂ ಚಾಲೂ ಆಗಿಲ್ಲವಲ್ಲ, ಯಾಕೆ ಅಳುತ್ತಿದ್ದೀರಿ ಎಂದು ಅವರು ಬಹಳ ಕಾಳಜಿಯಿಂದ ವಿಚಾರಿಸಿದರು. ಅಳುವುದೇನು ಬಂತು, ಬೆಳಿಗ್ಗೆ ಅಂಗಡಿಯಲ್ಲಿ ಖಾರದ ಘಾಟು ಕಣ್ಣಿಗೆ ಹೊಡೆಯಿತು ಎಂದೆ.

“ಹೌದನ್ರಿ?” ಎಂದರು ಅವರು. “ಇವತ್ತ ಅಮಾಸಿ. ಮಾರ್ಕೆಟ್ ಬಂದ್ ಐತಲ್ರಿ.”

ರಂಗಮಂಟಪ

ಉಪ್ಪಿನಬೆಟಗೇರಿಯಿಂದ ನಮ್ಮ ಅಂಗಡಿಗೆ ಮೆಣಸಿನಕಾಯಿ ತರುವ ರೈತರು ಊರಲ್ಲಿ ನಾಟಕ ಇಟ್ಟುಕೊಂಡು, ಉದ್ಘಾಟನೆಗೆ ನನ್ನನ್ನೇ ಕರೆದರು. ಶಾಲು ಹೊದಿಸಿ, ಮುಂದಿನ ಸಾಲಿನ ನಡುವೆ ಸೋಫಾದ ಮೇಲೆ ಕೂರಿಸಿದರು. ನಾಟಕದಲ್ಲಿ ಅತ್ತೆಯು ಬಸುರಿ ಸೊಸೆಯನ್ನು ಮನೆಯಿಂದ ಹೊರಗೆ ಹಾಕುತ್ತಾಳೆ. ಸೊಸೆಯ ಪಾತ್ರ ಮಾಡಿದವನು ನನಗೆ ಚೆನ್ನಾಗಿ ಗೊತ್ತಿದ್ದ ರೈತ. ಎರಡು ಚೀಲ ಒಟ್ಟಿಗೆ ಹೊರುವ ಆಳು. ಆದರೂ ಅವನು ಹೊಸ್ತಿಲು ಮುಟ್ಟಿ ಅತ್ತಾಗ ನನಗೆ ಕೂರಲಾಗಲಿಲ್ಲ. ಎದ್ದವನೇ ಮೆಟ್ಟಿಲು ಹತ್ತಿ, ನನಗೆ ಹೊದಿಸಿದ್ದ ಶಾಲನ್ನು ಅವನಿಗೆ ಹೊದಿಸಿ, ತಂಗೀ, ಗೋಪನಕೊಪ್ಪದಲ್ಲಿ ನಮ್ಮ ಮನೆ ಇದೆ, ನಡೆ ಎಂದುಬಿಟ್ಟೆ.

ಅವನು ಸೆರಗಿನ ಮರೆಯಿಂದ ಮೆಲ್ಲಗೆ ಹೇಳಿದ: “ಸಾವ್ಕಾರ್ರ, ಸುಮ್ಮ ಹೋಗಿ ಕುಂಡರ್ರಿ. ಮುಂದಿನ ಸೀನಿನ್ಯಾಗ ನನ್ನ ಗಂಡ ಬರಾಂವ ಅದಾನ.”

ತಲೆಯ ಮೇಲೆ ಮೈಕು ತೂಗುತ್ತಿದ್ದದ್ದು ನಮಗಿಬ್ಬರಿಗೂ ನೆನಪಿರಲಿಲ್ಲ. ಊರಿಗೆ ಊರೇ ನಕ್ಕಿತು. ಶಾಲು ಬಿಟ್ಟು ಬಂದು ಕೂತ ನಾನು ನಾಟಕ ಮುಗಿಯುವ ತನಕ ತಲೆ ಎತ್ತಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಮುಂದಿನ ವಾರ ಆ ರೈತ ಮಾಲು ತಂದ. ನಾನು ಹುಬ್ಬು ಗಂಟಿಕ್ಕಿ ದರ ಹೇಳಿದೆ. ಅವನು ಚೌಕಾಸಿ ಮಾಡಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡು, ಆ ಸೊಸೆಯ ದನಿಯಲ್ಲಿ “ಅಣ್ಣಾ” ಎಂದ. ನಾನು ದರ ಏರಿಸಿದೆ. ಎದುರಂಗಡಿಯವರು ತಮ್ಮ ಗಾದಿಯ ಮೇಲಿಂದಲೇ ಇನ್ನೊಬ್ಬ ರೈತನಿಗೆ, ನೀನೂ ಒಂದು ಹೆಣ್ಣಿನ ಪಾರ್ಟು ಕಲಿತುಕೋ ಎಂದು ಬುದ್ಧಿ ಹೇಳುತ್ತಿದ್ದರು.

ಲೆಕ್ಚರ್ ಥೇಟರು

ಮಗಳನ್ನು ಧಾರವಾಡದ ಕಾಲೇಜಿಗೆ ಸೇರಿಸಿದಾಗ ಪಾಲಕರ ಸಭೆ ಲೆಕ್ಚರ್ ಥೇಟರಿನಲ್ಲಿ ಎಂದರು. ಪಾಠ ಹೇಳುವ ಜಾಗ, ಅಲ್ಲಿ ಅಳಲಿಕ್ಕೆ ಏನಿರುತ್ತದೆ ಎಂದು ಧೈರ್ಯವಾಗಿ ಹೋದೆ. ಪ್ರಿನ್ಸಿಪಾಲರು, ನಿನ್ನೆ ಮೊನ್ನೆ ನಿಮ್ಮ ಕಿರುಬೆರಳು ಹಿಡಿದು ನಡೆದ ಮಕ್ಕಳು ಎಂದು ಶುರು ಮಾಡಿದರು. ಅವರು ಮುಂದೇನು ಹೇಳಿದರೋ ನನಗೆ ಗೊತ್ತಿಲ್ಲ. ನನ್ನ ಬಿಕ್ಕಳಿಕೆಯಲ್ಲಿ ಸುತ್ತಲಿನ ಮೂರು ಸಾಲಿಗೂ ಕೇಳಿಸಲಿಲ್ಲವಂತೆ.

ಹೊರಗೆ ಬಂದಾಗ ಮಗಳ ಗೆಳತಿಯರು ಇವರು ಯಾರು ಎಂದು ಕೇಳಿದರು. ಅವಳು ನನ್ನ ಕಡೆ ನೋಡದೆ, ನಮ್ಮ ಕಾಕಾ, ಅಪ್ಪನ ತಮ್ಮ ಎಂದಳು. ಮನೆಗೆ ಬಂದ ಮೇಲೂ ಎರಡು ದಿನ ಕಾಕಾ ಎಂದೇ ಕರೆದಳು.

ಆಪರೇಷನ್ ಥೇಟರು

ಹೆಂಡತಿಯ ಪಿತ್ತಕೋಶದಲ್ಲಿ ಹರಳು ಎಂದು ಡಾಕ್ಟರು ಹೇಳಿದ ದಿನ, ಅವಳು ತನ್ನ ಚಿಂತೆ ಬಿಟ್ಟು ನನ್ನ ಚಿಂತೆ ಹಚ್ಚಿಕೊಂಡಳು. ಮಂದಿಯ ಮುಂದೆ ನೀವು ಅತ್ತರೆ ನಾಳೆ ಯಾರ್ಡಿನಲ್ಲಿ ಯಾರು ನಿಮ್ಮನ್ನು ಲೆಕ್ಕಕ್ಕಿಡುತ್ತಾರೆ, ನೀವು ಅಂಗಡಿಯಲ್ಲೇ ಇರಿ ಎಂದಳು. ನಾನು ಕೇಳಲಿಲ್ಲ. ಒಂದು ಹನಿಯೂ ಹಾಕುವುದಿಲ್ಲವೆಂದು ಆಣೆ ಮಾಡಿ ಹೋದೆ.

ಕಾರಿಡಾರಿನಲ್ಲಿ ಆಗಲೇ ಯಾರ್ಡಿನ ಐದಾರು ಜನ ಬಂದು ನಿಂತಿದ್ದರು, ಎದುರಂಗಡಿಯವರೇ ಮುಂದೆ. ನಾನು ಮೀಸೆ ತಿರುವಿ ನಿಂತೆ. ಹೆಂಡತಿ ಮೈತುಂಬ ಶಾಲು ಹೊದ್ದು ಸ್ಟ್ರೆಚರಿನ ಮೇಲೆ ಕೂತಿದ್ದಳು. ಒಳಗೆ ಹೋಗುವ ಮುಂಚೆ ಒಡವೆ ತೆಗೆಯಬೇಕು ಎಂದು ನರ್ಸು ಹೇಳಿ ಹೋದಳು. ಇಪ್ಪತ್ತೆರಡು ವರ್ಷ ಕೊರಳಿಂದ ತೆಗೆಯದ ತಾಳಿಯನ್ನು ಅವಳು ತೆಗೆದು, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ತಾಳಿ ಇನ್ನೂ ಬೆಚ್ಚಗಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು, ಮತ್ತು ನಾನು ಅತ್ತೆ.

ಗೋಡೆ ಹಿಡಿದು ಕುಸಿಯುತ್ತಿದ್ದ ನನ್ನನ್ನು ಕಂಡು ಅವಳು ತಟ್ಟನೆ ಇಳಿದಳು. ನನ್ನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ನೀರು ತರುತ್ತೇನೆಂದು ಕಾರಿಡಾರಿನ ತುದಿಗೆ ಹೋದಳು. ಆಗಷ್ಟೇ ಪಾಳಿಗೆ ಬಂದ ಆಯಾ ನೋಡಿದ್ದು, ಸ್ಟ್ರೆಚರಿನ ಮೇಲೆ ಬಿಕ್ಕುತ್ತಿರುವ ಪೇಷಂಟನ್ನು. ಹೆದರಬೇಡಿ ಕಾಕಾ, ಏನೂ ಗೊತ್ತಾಗುವುದಿಲ್ಲ ಎಂದು ತಲೆ ಸವರಿ, ತಳ್ಳಿಯೇಬಿಟ್ಟಳು. ನಾನಲ್ಲ ಎನ್ನಬೇಕು, ಅಳುವಿನಲ್ಲಿ ಬಾಯಿಂದ ಮಾತು ಹೊರಡಲೊಲ್ಲದು. ಆ ಅಳು ನೋಡಿ ಯಾರ್ಡಿನವರಿಗೂ ನನಗೇ ಮೊದಲು ಆಪರೇಷನ್ನು ಬೇಕು ಎನ್ನಿಸಿತೋ ಏನೋ, ಸಾಲಾಗಿ ಬದಿಗೆ ಸರಿದು ಟೊಪ್ಪಿಗೆ ತೆಗೆದು ದಾರಿ ಬಿಟ್ಟರು.

ಥೇಟರಿನ ಬಾಗಿಲು ತೆರೆಯಿತು. ಒಳಗೆ ಸರ್ಜನ್ನರು ಫೈಲು ನೋಡಿ, ನನ್ನ ಮೀಸೆ ನೋಡಿ, ಮತ್ತೆ ಫೈಲು ನೋಡಿದರು. ಅಷ್ಟರಲ್ಲಿ ಹೆಂಡತಿ ನೀರಿನ ಲೋಟ ಹಿಡಿದು ಬರಿಗಾಲಲ್ಲಿ ಓಡಿ ಬಂದು, “ಅವರನ್ನ ಬಿಡ್ರಿ, ಹರಳು ನನಗ ಅದಾವು” ಎಂದಳು. ನನ್ನನ್ನು ಇಳಿಸಿ, ಲೋಟ ನನ್ನ ಕೈಗೆ ಕೊಟ್ಟು, ತಾನೇ ಹತ್ತಿ ಮಲಗಿದಳು.

ಆಪರೇಷನ್ನು ಸುಸೂತ್ರವಾಗಿ ಮುಗಿಯಿತು. ಅವಳನ್ನು ಹೊರಗೆ ತಂದಾಗ ನಾನು ಬೆಂಚಿನ ತುದಿಯಲ್ಲಿ ಮುಖ ಮುಚ್ಚಿ ಕೂತಿದ್ದೆ. ಯಾರ್ಡಿನವರೆಲ್ಲ ಸುತ್ತ ನಿಂತಿದ್ದರು. ಅವಳು ಕಣ್ಣು ತೆರೆದಳು, ತೊದಲುತ್ತ ನರ್ಸನ್ನು ಕೇಳಿದಳು:

“ನಮ್ಮವರಿಗೆ ಎಚ್ಚರಾತೇನ್ರಿ?”

ನರ್ಸು ನನ್ನ ಕಡೆ ತಿರುಗಿ ನೋಡಿದಳು. ಎದುರಂಗಡಿಯವರೇ ಮುಂದೆ ಬಂದು ಉತ್ತರ ಕೊಟ್ಟರು.

“ಆಗೇತ್ರೀ ಅಕ್ಕಾರ. ಇನ್ನೆರಡು ದಿವಸ ದವಾಖಾನ್ಯಾಗ ಇಟ್ಟುಕೊಂಡು ಮನಿಗೆ ಕಳಸ್ತಾರಂತ.”