ಮುಹೂರ್ತದಲ್ಲಿ ತೆರೆದ ವಿಂಡೋ

ಅಂಗಡಿಗಳ ಕಂಪ್ಯೂಟರಿಗೆ ಬಿಲ್ಲಿನ ಪ್ರೋಗ್ರಾಂ ಬರೆಯುವ ನನ್ನ ಹಣೆಬರಹದಲ್ಲಿ ಈ ಒಂದು ಪೇಚು ತಪ್ಪಿದ್ದೇ ಇಲ್ಲ. ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬಂಥ ಸೆಟ್ಟಿಂಗನ್ನು ಪರದೆಯ ಮೇಲೆ ವಿಂಡೋ ತೆರೆಯುವ ಮೊದಲೇ ಹೇಳಿಬಿಡಬೇಕು. ತೆರೆದ ಮೇಲೆ ಹೇಳಿದರೆ ಪ್ರೋಗ್ರಾಂ ಬೈಯುವುದೂ ಇಲ್ಲ, ಕೇಳುವುದೂ ಇಲ್ಲ.

೧. ಶುಭಗಳಿಗೆ

ಕಂಕನಾಡಿಯ ಒಂದು ಪೈಂಟ್ ಅಂಗಡಿ. ಹೊರಡುವಾಗಲೇ ಬಾಸ್ ಹೇಳಿದ್ದರು: "ಈ ಗಿರಾಕಿಯೂ ಕೈತಪ್ಪಿದ್ರೆ ನೀನು ಬೇರೆ ಕೆಲಸ ನೋಡು ಮಾರಾಯ."

ಅಂಗಡಿಯ ಯಜಮಾನರು ಭಟ್ಟರನ್ನು ಕರೆಸಿ, ಕಂಪ್ಯೂಟರಿಗೆ ಕುಂಕುಮ ಹಚ್ಚಿಸಿ, ಗಳಿಗೆ ನೋಡಿ ಮೌಸ್ ಒತ್ತಿದರು. ವಿಂಡೋ ತೆರೆಯಿತು. ಅಕ್ಷರಗಳು ಸಾಸಿವೆಯಷ್ಟಿದ್ದವು. ದೊಡ್ಡದು ಮಾಡುವ ಸಾಲನ್ನು ನಾನು ವಿಂಡೋ ತೆರೆಯುವ ಸಾಲಿನ ಕೆಳಗೆ ಬರೆದಿದ್ದೆ! ಕಾವೂರಿನ ಬಸ್ಸು ಹೋದ ಮೇಲೆ ಕೈ ಅಡ್ಡ ಹಿಡಿದ ಹಾಗೆ.

"ಒಮ್ಮೆ ಮುಚ್ಚಿ, ಸರಿಮಾಡಿ ತೆರೀತೇನೆ ಸರ್."

"ಮುಚ್ಚುವುದಾ? ಒಳ್ಳೆ ಮುಹೂರ್ತದಲ್ಲಿ ತೆರೆದದ್ದನ್ನು?"

"ಶಟರ್ ದಿನಾ ಮುಚ್ತೀರಲ್ಲ?"

"ಅದರ ಮುಹೂರ್ತ ಅಪ್ಪ ಮಾಡಿಸಿದ್ದು. ಅದು ಗಟ್ಟಿ ಉಂಟು."

೨. ಕರೆಂಟು

ಯಜಮಾನರು ರಾತ್ರಿಯೂ ಕಂಪ್ಯೂಟರ್ ಆಫ್ ಮಾಡದೆ, ಭೂತಗನ್ನಡಿ ಹಿಡಿದು ಬಿಲ್ಲು ಮಾಡತೊಡಗಿದರು. ಬಾಸ್‌ಗೆ ದಿನಾ ದೂರು, ನನಗೆ ದಿನಾ ಮಂಗಳಾರತಿ. ಒಮ್ಮೆ ಕರೆಂಟು ಹೋದರೆ ವಿಂಡೋ ತಾನಾಗಿ ಮುಚ್ಚುತ್ತದೆ, ಯಾರಿಗೂ ದೋಷವಿಲ್ಲ ಎಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೇಳಿಕೊಂಡೆ.

ಒಂದು ಸಂಜೆ ಗುಡುಗಿತು. ಇಡೀ ಕಂಕನಾಡಿ ಕತ್ತಲು. ಮಳೆಯಲ್ಲಿ ನೆನೆಯುತ್ತ ಓಡಿದೆ. ಆ ಅಂಗಡಿಸಾಲಿನಲ್ಲಿ ಬೆಳಗುತ್ತಿದ್ದದ್ದು ಒಂದೇ ಒಂದು ಪರದೆ.

"ಬನ್ನಿ ಬನ್ನಿ," ಎಂದರು ಯಜಮಾನರು. "ಮುಹೂರ್ತದ್ದು ಆಫ್ ಆಗ್ಬಾರ್ದು ಅಂತ ನಿನ್ನೆಯೇ ಇನ್ವರ್ಟರ್ ಹಾಕಿಸಿದೆ."

೩. ಇನ್ನೊಂದು ಗಳಿಗೆ

ಬಾಸ್ ಕೊನೆಯ ಎಚ್ಚರಿಕೆ ಕೊಟ್ಟರು. ನಾನು ನೇರ ಹೋಗಿ ಭಟ್ಟರ ಕಾಲಿಗೆ ಬಿದ್ದೆ. ಅವರಿಗೂ ಪಾಪ ಅನಿಸಿತು. ಪಂಚಾಂಗ ನೋಡಿ ಮುಚ್ಚಲೊಂದು, ತೆರೆಯಲೊಂದು ಗಳಿಗೆ ಹುಡುಕಿಕೊಟ್ಟರು. ಆ ದಿನ ಅಂಗಡಿಗೆ ಅವರೂ ಬಂದರು. ನಾನು ಗಳಿಗೆಗೆ ಸರಿಯಾಗಿ ವಿಂಡೋ ಮುಚ್ಚಿ, ಅಕ್ಷರದ ಸಾಲನ್ನು ಮೇಲಕ್ಕೆ ತಂದು, ದೇವರಿಗೆ ಕೈಮುಗಿದು ಮತ್ತೆ ತೆರೆದೆ.

ಬಸ್ಸಿನ ಬೋರ್ಡಿನಂಥ ಅಕ್ಷರಗಳು! ಕೆಲಸ ಉಳಿಯಿತೆಂದು ನನಗೆ ಅಳುವೇ ಬಂತು.

ಯಜಮಾನರು ಭೂತಗನ್ನಡಿ ಕೆಳಗಿಟ್ಟರು. "ಚಂದ ಉಂಟು. ಇನ್ನು ಈ ಇಂಗ್ಲಿಷನ್ನು ಕನ್ನಡ ಮಾಡಿಬಿಡಿ. ಆಮೇಲೆ ನಿಮ್ಮ ಬಾಸ್‌ಗೆ ಒಳ್ಳೆ ಮಾತು ಹೇಳ್ತೇನೆ."

ಭಾಷೆಯ ಸೆಟ್ಟಿಂಗನ್ನೂ ವಿಂಡೋ ತೆರೆಯುವ ಮೊದಲೇ ಹೇಳಬೇಕು. ನಾನು ಭಟ್ಟರ ಮುಖ ನೋಡಿದೆ. ಅವರು ಪಂಚಾಂಗ ತೆರೆದು, ನಿಟ್ಟುಸಿರು ಬಿಟ್ಟು ಮುಚ್ಚಿದರು.

"ಇವತ್ತಿನ ಗಳಿಗೆ ಮುಗೀತು. ನಾಳೆಯಿಂದ ಆಟಿ ತಿಂಗಳು. ಇನ್ನು ತಿಂಗಳಿಡೀ ಮುಹೂರ್ತವೇ ಇಲ್ಲ ಮಾರಾಯ್ರೇ."