ಪೆಟ್ರೋಲ್ ಬೇಡದ ವರ

ಈರೇಶನ ಮದುವೆಗೆ ಕಲ್ಲು ಬಿದ್ದದ್ದು ದೋಸೆ ಹಿಟ್ಟಿನಿಂದ.

ಲಗ್ಗೆರೆಯ ಗೌರಮ್ಮನವರ ಮನೆಯಲ್ಲಿ ದೊಡ್ಡ ಪ್ಲಗ್ಗು ಇದ್ದದ್ದು ಒಂದೇ, ಅದೂ ಅಡಿಗೆಮನೆಯಲ್ಲಿ, ಗ್ರೈಂಡರಿನ ಪಕ್ಕ. ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಈರೇಶ ಹಿಂದಿನ ಸಂಜೆ ಅವರ ಕೈಕಾಲು ಹಿಡಿದು, ಆ ಪ್ಲಗ್ಗಿನಿಂದ ಕಿಟಕಿಯ ಮೂಲಕ ಅಂಗಳಕ್ಕೆ ವೈರು ಎಳೆದು, ಕಂಪನಿಯ ಕಾರಿಗೆ ಸಿಕ್ಕಿಸಿ ನಿಶ್ಚಿಂತೆಯಿಂದ ಮಲಗಿದ. ಅವನು ಬೆನ್ನು ತಿರುಗಿಸಿದ್ದೇ ತಡ, ಗೌರಮ್ಮ ವೈರು ಕಿತ್ತು ಗ್ರೈಂಡರ್ ಹಾಕಿದರು. ಹೆಣ್ಣಿನ ಕಡೆಯವರು ಬರುವಾಗ ದೋಸೆಯಾದರೂ ಆಗಬೇಡವೇ? ರುಬ್ಬಿ ಮುಗಿದ ಮೇಲೆ ವೈರನ್ನು ಇದ್ದ ಹಾಗೆಯೇ ಸಿಕ್ಕಿಸಿದರು. ಆದರೆ ಮಲಗುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ಅವರು ವ್ರತದಂತೆ ಪಾಲಿಸಿಕೊಂಡು ಬಂದ ಕ್ರಮ. ಅದನ್ನೂ ಆರಿಸಿದರು.

ಆ ಕಾರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಕೂಸು. ಹಳದಿ ಬಣ್ಣ, ಎರಡೇ ಸೀಟು, ಸೋಪಿನ ಡಬ್ಬಿಯಷ್ಟು ಗಾತ್ರ, ಪೆಟ್ರೋಲಿನ ಬದಲು ಬ್ಯಾಟರಿ. ಅದನ್ನು ಮಾರುವ ಕೆಲಸ ಈರೇಶನದು. ತೊಂಬತ್ತೆಂಟನೇ ಇಸವಿಯ ಬೆಂಗಳೂರು ಅದನ್ನು ಬಾಯಿತುಂಬ ಹೊಗಳಿತು. ಪೆಟ್ರೋಲಿನ ಬೆಲೆಗೆ ಶಾಪ ಹಾಕುತ್ತಿದ್ದವರೆಲ್ಲ ಬಂದು ಒಂದು ಸುತ್ತು ಹೊಡೆದು, ಬೆನ್ನು ತಟ್ಟಿ, ಅಲ್ಲಿಂದ ಸೀದಾ ಹೋಗಿ ಪೆಟ್ರೋಲ್ ಕಾರನ್ನೇ ಕೊಂಡರು. ಎಂಟು ತಿಂಗಳಾದರೂ ಒಂದು ಕಾರೂ ಹೋಗಲಿಲ್ಲ.

ಈರೇಶನಿಗೆ ಅದರ ಚಿಂತೆ ಅಷ್ಟಿರಲಿಲ್ಲ. ಅವನ ಚಿಂತೆಯೆಲ್ಲ ಮೇಘಾಳದು. ದಾವಣಗೆರೆಯ ಒಂದು ಮದುವೆಯಲ್ಲಿ ಅವನು ಸಾಕು ಸಾಕು ಎಂದರೂ ಕೇಳದೆ ಇನ್ನೊಂದು ಹೋಳಿಗೆ ಹಾಕಿ ನಕ್ಕು ಹೋದ ಹುಡುಗಿ ಅವಳು. ಮದುವೆಯಾದರೆ ಅವಳನ್ನೇ ಎಂದು ಅವನು ಎಲೆಯ ಮುಂದೆಯೇ ತೀರ್ಮಾನಿಸಿದ್ದ. ಅವಳ ತಂದೆ ರಾಣೆಬೆನ್ನೂರಿನ ಲಕ್ಷ್ಮಣಪ್ಪ ಗೌರಮ್ಮನವರ ತವರಿನ ಪರಿಚಯ. ಗೌರಮ್ಮ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, "ಹುಡುಗನಿಗೆ ಸ್ವಂತ ಕಾರಿದೆ" ಎಂದುಬಿಟ್ಟಿದ್ದರು. ಹುಡುಗನ ಮನೆ ನೋಡಲು ಲಕ್ಷ್ಮಣಪ್ಪ ಹೊರಟೇಬಿಟ್ಟರು. ಕಾರು ತೋರಿಸದೆ ಗತಿಯಿರಲಿಲ್ಲ.

"ಪೀಣ್ಯ ಸ್ಟಾಪಲ್ಲಿ ಇಳೀತಾರೆ. ಬಿಳಿ ಪಂಚೆ, ತಲೇಲಿ ಟೋಪಿ, ಹಣೆ ತುಂಬ ವಿಭೂತಿ, ಕೈಲೊಂದು ಚೀಲ" ಎಂದು ಗೌರಮ್ಮ ಬೆಳಗ್ಗೆ ಪಾಠ ಹೇಳಿದರು. "ಕಂಡ ತಕ್ಷಣ ಕಾಲಿಗೆ ಬೀಳು. ಹೆಸರು ಗಿಸರು ಕೇಳ್ಬೇಡ. ಮಾವ ಆಗೋರನ್ನ ಯಾರು ನೀವು ಅಂದ್ರೆ ಮರ್ಯಾದೆ ಇರುತ್ತೇನೋ?"

ಲಗ್ಗೆರೆಯಿಂದ ಪೀಣ್ಯಕ್ಕೆ ಇಳಿಜಾರು. ಕಾರು ಮಾತಿಲ್ಲದೆ ಇಳಿಯಿತು. ಚಾರ್ಜು ತೋರಿಸುವ ಮುಳ್ಳು ಕೆಳಗೆ ಮಲಗಿರುವುದು ಈರೇಶನಿಗೆ ಕಂಡದ್ದು ಸ್ಟಾಪು ಮುಟ್ಟಿದ ಮೇಲೆ. ಅಷ್ಟರಲ್ಲಿ ಪಂಚೆ, ಟೋಪಿ, ವಿಭೂತಿ, ಚೀಲ ನಾಲ್ಕೂ ಇದ್ದ ಹಿರಿಯರೊಬ್ಬರು ಎದುರಿಗೇ ನಿಂತಿದ್ದರು. ಈರೇಶ ಧೂಳು ಲೆಕ್ಕಿಸದೆ ಅಡ್ಡಬಿದ್ದ.

"ಏಳಪಾ, ಏಳು. ದೊಡ್ಡಾಂವ ಆಗು" ಎಂದರು ಅವರು, ಸ್ವಲ್ಪ ಗಾಬರಿಯಿಂದಲೇ.

"ಬನ್ನಿ, ಮನೆಗೆ ಹೋಗೋಣ. ನಿಮಗೇ ಕಾಯ್ತಿದಾರೆ. ಬಿಸಿಬಿಸಿ ದೋಸೆ ರೆಡಿಯಾಗ್ತಿದೆ."

ದೋಸೆ ಎಂದದ್ದೇ ಹಿರಿಯರ ಗಾಬರಿ ಇಳಿಯಿತು. ಚೀಲ ಮಡಿಲಲ್ಲಿಟ್ಟುಕೊಂಡು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕಾರಿನೊಳಗೆ ಕೂತರು. ಈರೇಶ ಕೀಲಿ ತಿರುಗಿಸಿದ.

"ಶುರು ಆಗವಲ್ದೇನು?"

"ಶುರುವಾಗಿದೆ ಸಾರ್. ಇದು ಸದ್ದು ಮಾಡಲ್ಲ."

ಸದ್ದಿಲ್ಲದ ಕಾರೆಂದರೆ ಕೆಟ್ಟು ನಿಂತ ಕಾರು ಎಂಬುದರಲ್ಲಿ ಪೀಣ್ಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಫ್ಯಾಕ್ಟರಿಗೆ ಹೊರಟಿದ್ದ ನಾಲ್ಕು ಜನ ಓಡಿಬಂದು, "ನೀವು ಕೂತ್ಕೊಳ್ಳಿ ಅಣ್ಣ, ನಾವಿದೀವಿ" ಎಂದು ಹಿಂದಿನಿಂದ ಒತ್ತಿಯೇ ಬಿಟ್ಟರು. ಒಳಗಿನ ಬ್ಯಾಟರಿಯ ಬಲ, ಹೊರಗಿನ ಪುಣ್ಯಾತ್ಮರ ಬಲ ಎರಡೂ ಸೇರಿ ಕಾರು ಚಂಗನೆ ನೆಗೆದು ಎಳನೀರಿನವನ ಸೈಕಲ್ಲಿಗೆ ಮುತ್ತಿಟ್ಟಿತು. ಎಳನೀರುಗಳು ತುಮಕೂರು ರಸ್ತೆಯುದ್ದಕ್ಕೂ ಉರುಳಿದವು.

"ಕಳ್ಳನ ಥರ ಬರ್ತೀಯಲ್ಲೋ! ಸದ್ದಾದ್ರೂ ಮಾಡ್ಬಾರ್ದಾ?" ಎಂದು ಅವನು ಮಚ್ಚು ಹಿಡಿದೇ ಬಂದ. ಆರಿಸಿಕೊಟ್ಟು, ಕ್ಷಮೆ ಕೇಳಿ, ಹಿರಿಯರಿಗೆ ಎರಡು ಎಳನೀರು ಕುಡಿಸಿ ಹೊರಡುವಷ್ಟರಲ್ಲಿ ಈರೇಶನ ಅಂಗಿ ಬೆನ್ನಿಗಂಟಿತ್ತು.

ದಾರಿಯಲ್ಲಿ ಅವನು ಕಳೆದ ಮರ್ಯಾದೆಯನ್ನು ಮಾತಿನಲ್ಲಿ ದುಡಿಯಲು ನೋಡಿದ. "ಪೆಟ್ರೋಲ್ ಕಾಲ ಮುಗೀತು ಸಾರ್. ಹೊಗೆ, ವಾಸನೆ, ದುಡ್ಡು ದಂಡ. ಇನ್ನು ಹತ್ತು ವರ್ಷಕ್ಕೆ ಬಂಕ್‌ಗಳಲ್ಲಿ ದನ ಕಟ್ತಾರೆ, ನೋಡ್ತಿರಿ."

"ಹೌದೇನು?" ಎಂದರು ಹಿರಿಯರು ಚಿಂತಾಕ್ರಾಂತರಾಗಿ.

ಲಗ್ಗೆರೆಯ ಏರು ಶುರುವಾದದ್ದೇ ಕಾರು ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಈರೇಶನ ಜೀವ ಬಾಯಿಗೆ ಬಂತು. ದೇವರ ಹಾಗೆ ಎದುರಾದವನು ಪಕ್ಕದ ರೂಮಿನ ಬಸಲಿಂಗ, ರಾಯಚೂರಿನ ಕಡೆಯ ಹುಡುಗ. ಶಿಫ್ಟು ಮುಗಿಸಿ ಇಬ್ಬರು ಗೆಳೆಯರೊಂದಿಗೆ ಬರುತ್ತಿದ್ದ. ಈರೇಶ ಕಿಟಕಿಯಿಂದ ಕೈ ಹೊರಹಾಕಿ ಸನ್ನೆ ಮಾಡಿದ. ಬಸಲಿಂಗ ಅರ್ಥ ಮಾಡಿಕೊಂಡು, ತುಟಿ ಪಿಟಕ್ಕೆನ್ನದೆ ಕಾರಿನ ಹಿಂದೆ ಬಗ್ಗಿದ.

ಕಾರು ಏರಿತು. "ಎಷ್ಟು ಮೆತ್ತಗ ಹೊಂಟೈತಲ್ಲೋ ಯಪ್ಪಾ! ಎತ್ತಿನ ಗಾಡ್ಯಾಗ ಕುಂತಂಗ ಆಗ್ತೈತಿ" ಎಂದು ಹಿರಿಯರು ಕಣ್ಣು ಮುಚ್ಚಿ ಸುಖಪಟ್ಟರು.

ಅರ್ಧ ಏರಿದ ಮೇಲೆ ಮತ್ತೆ ನಿಧಾನವಾಯಿತು. ಈರೇಶ ಕನ್ನಡಿಯಲ್ಲಿ ನೋಡಿದರೆ, ದಾರಿಯಲ್ಲಿ ಬರುತ್ತಿದ್ದ, ತಲೆಗೆ ಟವೆಲ್ ಸುತ್ತಿದ ವಯಸ್ಸಾದವರೊಬ್ಬರು ತಾವೂ ಕೈ ಹಚ್ಚಿದ್ದರು. ಏದುಸಿರು ಬಿಡುತ್ತಿದ್ದರು. ಈರೇಶ ತಲೆ ಹೊರಹಾಕಿದ.

"ಯಜಮಾನ್ರೇ, ಸುಮ್ನೆ ಕೈ ಇಟ್ರೆ ಸಾಲ್ದು, ಶಕ್ತಿ ಹಾಕಿ! ಒಳಗೆ ನಮ್ಮ ಮಾವನೋರು ಕೂತಿದಾರೆ, ತಡ ಆಗ್ತಿದೆ!"

ಯಜಮಾನರು ಶಕ್ತಿ ಹಾಕಿದರು. ಕಾರು ಗೌರಮ್ಮನವರ ಅಂಗಳಕ್ಕೆ ಬಂದು ನಿಂತಿತು. ಗೌರಮ್ಮ ಆರತಿ ತಟ್ಟೆ ಹಿಡಿದು ಹೊರಬಂದರು. ಕಾರಿನಿಂದ ಇಳಿದ ಹಿರಿಯರನ್ನು ಅಪರಿಚಿತರಂತೆ ನೋಡಿ, ಅವರನ್ನು ದಾಟಿ ಕಾರಿನ ಹಿಂದಕ್ಕೆ ಹೋದರು.

"ಅಯ್ಯೋ ಶಿವನೇ! ಲಕ್ಷ್ಮಣಪ್ಪನೋರೇ, ನೀವ್ಯಾಕೆ ಕಾರು ತಳ್ತಿದೀರ?"

ಟವೆಲ್ ಬಿಚ್ಚಿದಾಗ ಅದರಡಿ ಟೋಪಿಯೂ ಇತ್ತು, ವಿಭೂತಿ ಬೆವರಿನಲ್ಲಿ ಕರಗಿ ಮೂಗಿನವರೆಗೆ ಇಳಿದಿತ್ತು. ಸ್ಟಾಪಿನಲ್ಲಿ ಕಾದು ಕಾದು, ಯಾರೂ ಬಾರದ್ದರಿಂದ ಸಿಟಿ ಬಸ್ಸು ಹತ್ತಿ ಏರಿನ ಕೆಳಗೆ ಇಳಿದಿದ್ದರಂತೆ. ಈರೇಶನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

"ಹಾಗಾದ್ರೆ... ನೀವ್ಯಾರು?" ಎಂದು ಅವನು ಕೊನೆಗೂ ಕಾರಿನ ಹಿರಿಯರನ್ನು ಕೇಳಿದ.

"ನಾ ಅಮರಪ್ಪ, ಬ್ಯಾಡಗಿಯಾಂವ. ಮಗನ ಕಡೆ ಹೊಂಟಿದ್ದೆ. ನೀನ ಕಾಲಿಗೆ ಬಿದ್ದು ದೋಸೆಗೆ ಕರದಿ. ಬೆಂಗಳೂರ ಮಂದಿ ಇಷ್ಟು ಚಲೋ ಅಂತ ಗೊತ್ತಿರಲಿಲ್ಲ ಬಿಡಪಾ."

ಈರೇಶ ಲಕ್ಷ್ಮಣಪ್ಪನವರ ಕಾಲು ಹಿಡಿದು ನಡೆದದ್ದನ್ನೆಲ್ಲ ಹೇಳಿಕೊಂಡ. ಕಾರು ತನ್ನದಲ್ಲವೆಂಬುದನ್ನೂ ಹೇಳಿದ. ಲಕ್ಷ್ಮಣಪ್ಪ ಹೊಟ್ಟೆ ಹಿಡಿದು ನಕ್ಕರು. "ಇರ್ಲಿ ಏಳಪಾ. ನಾನೂ ಲಾರಿ ಇಟ್ಟಾಂವ, ಎಷ್ಟೋ ಗಾಡಿ ತಳ್ಳೀನಿ. ಹುಡುಗ ಖರೇ ಹೇಳಿದ್ನಲ್ಲ, ಅದು ಸಾಕು." ಈರೇಶನಿಗೆ ಹೋದ ಜೀವ ಬಂದಂತಾಯಿತು. ಮೇಘಾ ಇನ್ನು ತನ್ನವಳೇ ಎಂದುಕೊಂಡು ತಾನೇ ಓಡಾಡಿ ಇಬ್ಬರಿಗೂ ದೋಸೆ ಬಡಿಸಿದ.

ರಾಣೆಬೆನ್ನೂರು, ಬ್ಯಾಡಗಿ ಎಂದರೆ ಒಂದೇ ಅಂಗಳ. ಇಬ್ಬರು ಹಿರಿಯರಿಗೂ ಮಾತು ಕೂಡಿತು, ನಂಟಸ್ತನದ ಎಳೆಯೊಂದು ಸಿಕ್ಕಿತು.

"ಮಗಾ ಏನ್ ಮಾಡ್ತಾನ್ರಿ?" ಎಂದರು ಲಕ್ಷ್ಮಣಪ್ಪ.

"ನೆಲಮಂಗಲದ ಹಾದಿಯಾಗ ಪೆಟ್ರೋಲ್ ಬಂಕ್ ಇಟ್ಟಾನ್ರಿ. ಮದುವಿ ಒಂದ ಬಾಕಿ."

ಲಕ್ಷ್ಮಣಪ್ಪನವರ ಕೈಯ ದೋಸೆ ಬಾಯಿಯ ಹತ್ತಿರವೇ ನಿಂತಿತು. ಗೌರಮ್ಮ ಒಳಗಿಂದ ತುಪ್ಪದ ಗಿಂಡಿ ತಂದು ಅಮರಪ್ಪನವರ ತಟ್ಟೆಗೆ ಸುರಿದರು. ಅವರಿಗೆ ಮದುವೆ ಮಾಡಿಸಿದ ಪುಣ್ಯ ಮುಖ್ಯ, ಗಂಡು ಯಾವುದಾದರೇನು.

"ಸಾರ್, ಪೆಟ್ರೋಲ್ ಇನ್ನು ಹತ್ತೇ ವರ್ಷ!" ಎಂದು ಈರೇಶ ಚಟ್ನಿ ಸೌಟು ಹಿಡಿದುಕೊಂಡೇ ಕೂಗಿದ. "ಮುಂದೆಲ್ಲ ಕರೆಂಟ್ ಕಾರೇ!"

ಲಕ್ಷ್ಮಣಪ್ಪ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈ ಇಟ್ಟರು. "ಇರಬಹುದು ತಮ್ಮಾ. ನಿಮ್ಮ ಕಾಲ ಬಂದ ಬರ್ತೈತಿ. ಆದ್ರ ನಮ್ಮ ಹುಡುಗಿ ಅಲ್ಲೀತನಕ ಕಾಯೂ ಹಂಗಿಲ್ಲಲ್ಲ."

ಶುಭಸ್ಯ ಶೀಘ್ರಂ ಎಂದು ಇಬ್ಬರೂ ಆಗಲೇ ಬಂಕಿಗೆ ಹೊರಟುನಿಂತರು. ಆಟೋ ಸಿಗಲಿಲ್ಲ. ಕಾರನ್ನು ಚಾರ್ಜಿಗೆ ಹಾಕೋಣವೆಂದರೆ ಕರೆಂಟು ಹೋಗಿತ್ತು.

"ಇಳಿಜಾರು ಐತಲ್ಲ, ಕರೆಂಟ್ ಯಾಕ ಬೇಕು?" ಎಂದು ಟ್ರ್ಯಾಕ್ಟರ್ ಹೊಡೆದು ಅಭ್ಯಾಸವಿದ್ದ ಅಮರಪ್ಪ ಸ್ಟೇರಿಂಗ್ ಹಿಡಿದರು. "ಬಸ್ ಸ್ಟಾಪಿನ್ಯಾಗ ನಿಲ್ಲಿಸಿರ್ತೀವಿ, ಆಮ್ಯಾಲ ತಗೊಂಡ್ ಹೋಗು."

ಇದ್ದದ್ದು ಎರಡೇ ಸೀಟು. ಈರೇಶ ಹಿಂದೆ ನಿಂತು, ಹಲ್ಲು ಕಚ್ಚಿ, ಕಣ್ಣು ತುಂಬಿಕೊಂಡು ನೂಕಿದ. ಕಾರು ಅವನ ಕೈಬಿಟ್ಟು, ಚೂರೂ ಸದ್ದು ಮಾಡದೆ ಲಗ್ಗೆರೆಯ ಇಳಿಜಾರಿನಲ್ಲಿ ಹೊರಟಿತು. ಈ ಎಂಟು ತಿಂಗಳಲ್ಲಿ ಅದು ಅಷ್ಟು ಜೋರಾಗಿ ಓಡಿದ್ದನ್ನು ಅವನು ನೋಡಿರಲೇ ಇಲ್ಲ.