ಹಾಲು ಕಾಯಿಸುವುದು ಬೇರೆ, ಉಕ್ಕಿಸುವುದು ಬೇರೆ

ಈ ಗೃಹಪ್ರವೇಶದಲ್ಲಿ ಸಾಸಿವೆಕಾಳಿನಷ್ಟೂ ಎಡವಟ್ಟಾಗಲು ಬಿಡುವುದಿಲ್ಲ ಎಂದು ಮುರಳೀಧರ ಘೋಷಿಸಿದ. ಘೋಷಿಸಿದ್ದು ಅಣ್ಣಾ ನಗರದ ಬಾಡಿಗೆ ಮನೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೇಳಿಸಿಕೊಂಡವಳು ಹೆಂಡತಿ ಮಧುರಾ ಒಬ್ಬಳೇ. ಆದರೂ ದನಿಯಲ್ಲಿ ಪಟ್ಟಕ್ಕೇರುವ ದೊರೆಯ ಗತ್ತಿತ್ತು.

"ಜಾಗ ಹುಡುಕಿದವನು ನಾನು. ಮನೆ ಕೊಂಡವನು ನಾನು. ತಮಿಳು ಬರೋದೂ ನನಗೇ. ಅಲ್ಲಿಯವರ ಹತ್ತಿರ ಮಾತುಕತೆಯೆಲ್ಲ ನನಗೆ ಬಿಟ್ಬಿಡು."

"ಕನ್ನಡಕ್ಕೆ ಬಾಲ ಅಂಟಿಸಿದ್ರೆ ತಮಿಳಾಗಲ್ಲ ರೀ," ಎಂದಳು ಮಧುರಾ, ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸದೆ. "ಹೋದವಾರ ತರಕಾರಿಯವನಿಗೆ 'ಬದನೆಕಾಯಿಂಗ' ಅಂದ್ರಿ. ಪಾಪ, ಯಾವುದೋ ದೇವರ ಹೆಸರು ಅಂದ್ಕೊಂಡು ಕೈ ಮುಗಿದ."

ಮನೆ ಇದ್ದದ್ದು ಪೊನ್ನೇರಿಯಲ್ಲಿ. ಅಣ್ಣಾ ನಗರದಲ್ಲಿ ಸ್ಕೂಟರ್ ನಿಲ್ಲಿಸುವಷ್ಟು ನೆಲ ಸಿಗುವ ಬೆಲೆಗೆ ಅಲ್ಲಿ ಎರಡು ಕೋಣೆ, ಹಾಲ್, ಬಾಲ್ಕನಿ, ಮೇಲೊಂದು ತಾರಸಿ ಸಿಗುತ್ತದೆ. ಕಟ್ಟಡದ ಹೆಸರು 'ಡಚ್ ಹಾರ್ಬರ್ ಹೈಟ್ಸ್'. ಬಣ್ಣದ ಕರಪತ್ರದಲ್ಲಿ 'ಚಾರಿತ್ರಿಕ ಬಂದರಿನ ಮಡಿಲಲ್ಲಿ' ಎಂದು ಅಚ್ಚಾಗಿತ್ತು. ಬಂದರೇನೋ ನಿಜ. ಡಚ್ಚರ ಹಡಗುಗಳು ಒಂದು ಕಾಲದಲ್ಲಿ ಪಳವೇರ್ಕಾಡಿಗೆ ಬಂದು ಲಂಗರು ಹಾಕುತ್ತಿದ್ದವು. ಮಡಿಲು ಮಾತ್ರ ಸ್ವಲ್ಪ ಉದ್ದದ್ದು. ಪೊನ್ನೇರಿಯಿಂದ ಅಲ್ಲಿಗೆ ಬಸ್ಸು ಹಿಡಿಯಬೇಕು, ಆ ಬಸ್ಸು ಡಚ್ಚರಷ್ಟೇ ಅಪರೂಪಕ್ಕೆ ಬರುತ್ತದೆ. ತಾರಸಿ ಹತ್ತಿದರೆ ಕಾಣುವುದು ಒಂದು ಕೆರೆ, ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿ ಧ್ಯಾನಕ್ಕೆ ಕೂತ ಎಮ್ಮೆಗಳು. "ಸಿಟಿಯಿಂದ ಎಷ್ಟು ದೂರ ಸಾರ್?" ಎಂದು ವಿಮಾ ಕಚೇರಿಯ ಸಹೋದ್ಯೋಗಿಗಳು ಕೇಳಿದಾಗಲೆಲ್ಲ ಮುರಳೀಧರ "ಬಂದರಿಗೆ ಹತ್ತಿರ" ಎಂದು ಮಾತು ಮುಗಿಸುತ್ತಿದ್ದ.

ಗೃಹಪ್ರವೇಶ ಬರುವ ವಾರ. ಅದಕ್ಕೆ ಒಂದೇ ಷರತ್ತಿತ್ತು, ಅದು ಅತ್ತೆ ನಾಗರತ್ನಮ್ಮನವರದು. ಹಿಂದೆ ಹಿರಿಯ ಮಗಳ ಮನೆಯ ಒಕ್ಕಲಿನ ದಿನ ಮೈಸೂರಿನಿಂದ ಹೊರಟ ಅವರ ಬಸ್ಸು ದಾರಿಯಲ್ಲಿ ಕೆಟ್ಟು, ಅವರು ತಲುಪುವಷ್ಟರಲ್ಲಿ ಹಾಲು ಉಕ್ಕಿ, ಪಾಯಸವಾಗಿ, ಖಾಲಿಯೂ ಆಗಿತ್ತು. ಇಂದಿಗೂ ಅವರು ಆ ಮನೆಯಲ್ಲಿ ಹಾಲು ಹಾಕಿದ ಕಾಫಿ ಕುಡಿಯುವುದಿಲ್ಲ. ಇರುವುದು ಇಬ್ಬರೇ ಹೆಣ್ಣುಮಕ್ಕಳು. ಇನ್ನು ಮಧುರಾಳ ಮನೆಯೊಂದೇ ಬಾಕಿ. ಅಲ್ಲಿ ಮೊದಲ ಹಾಲು ತಮ್ಮ ಕೈಯಲ್ಲೇ ಉಕ್ಕಬೇಕು ಎಂದು ಹೇಳಿ, ಅವರು ಒಂದು ವಾರ ಮೊದಲೇ ರೈಲು ಹತ್ತುವವರಿದ್ದರು.

ಶನಿವಾರ ಮುರಳೀಧರ ಪೊನ್ನೇರಿಗೆ ಹೊರಟಾಗ ಮಧುರಾ ಮೆಟ್ಟಿಲವರೆಗೂ ಬಂದಳು. "ಸಿಲಿಂಡರ್ ಇಳಿಸ್ಕೊಳ್ಳಿ. ನಾಳೆ ಬಡಗಿ ಬಂದ್ರೆ ಕಪಾಟು ಕೂರಿಸ್ಕೊಳ್ಳಿ. ಒಲೆ ಮಾತ್ರ ಹಚ್ಚಬೇಡಿ."

"ಕಾಫಿಗೇನು ಮಾಡ್ಲಿ?"

"ಸ್ಟೇಷನ್ನಿನಲ್ಲಿ ಕುಡೀರಿ."

ಸ್ಟೇಷನ್ನಿನ ಕಾಫಿಯನ್ನು ಮುರಳೀಧರ ಬಲ್ಲ. ಅದು ಕಾಫಿಯ ನೆನಪಿಗಾಗಿ ಕೊಡುವ ಬಿಸಿನೀರು. ರೈಲಿನಲ್ಲಿ ಕೂತು ಅವನು ವಿಮೆಯ ಷರತ್ತನ್ನು ಬಿಡಿಸುವವನಂತೆ ಅತ್ತೆಯ ಷರತ್ತನ್ನು ಬಿಡಿಸಿದ. ಅವರು ಹೇಳಿದ್ದು ಉಕ್ಕುವ ವಿಷಯ. ಕಾಯಿಸುವುದು ಬೇರೆ, ಉಕ್ಕಿಸುವುದು ಬೇರೆ. ಉಕ್ಕದಂತೆ ಕಾಯಿಸಿ, ಒಂದು ಲೋಟ ಕಾಫಿ ಕುಡಿದರೆ ಯಾವ ಷರತ್ತಿಗೂ ಭಂಗವಿಲ್ಲ. ಇಷ್ಟು ಸೂಕ್ಷ್ಮ ತನಗಲ್ಲದೆ ಯಾರಿಗೆ ಹೊಳೆಯುತ್ತದೆ ಎಂದು ಅವನು ಕಿಟಕಿಯಲ್ಲಿ ಕಂಡ ತನ್ನ ಮುಖಕ್ಕೆ ತಲೆದೂಗಿದ.

ಸಿಲಿಂಡರ್ ಇಳಿಸಿಕೊಂಡು ಹೊರಡುವಾಗ ಮೆಟ್ಟಿಲಲ್ಲಿ ಕೆಳಮನೆಯ ಧನಭಾಗ್ಯಂ ಸಿಕ್ಕರು. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರ ಹೆಂಡತಿ. ಆ ಕಟ್ಟಡದಲ್ಲಿ ಯಾರ ಮನೆಯ ಮಗುವಿಗೆ ಹಲ್ಲು ಬಂದರೂ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

"ನಾಳೈಕ್ಕು ಎನ್ನ ಸಾರ್ ವಿಶೇಷಂ?" ಎಂದು ಅವರು ಕೇಳಿದರು.

ವಿಶೇಷವೇನಿಲ್ಲ, ಬೆಳಿಗ್ಗೆ ಬಂದು ಹಾಲು ಕಾಯಿಸುತ್ತೇನೆ, ನೀವೂ ಬನ್ನಿ, ಒಂದು ಲೋಟ ಕಾಫಿ ಕುಡಿಯೋಣ ಎನ್ನುವುದು ಮುರಳೀಧರನ ಮನಸ್ಸಿನಲ್ಲಿತ್ತು. ಎದೆಯುಬ್ಬಿಸಿ ಅಪ್ಪಟ ತಮಿಳಿನಲ್ಲಿ ಹೇಳಿದ: "ಕಾಲೈಲ ಪಾಲ್ ಕಾಚಪ್ ಪೋರೇನ್. ನೀಂಗಳುಂ ವಾಂಗ."

ಧನಭಾಗ್ಯಂ ಅವರ ಕಣ್ಣು ಅರಳಿತು. "ಅಪ್ಪಡಿಯಾ? ಕಂಡಿಪ್ಪಾ ವರೋಂ ಸಾರ್," ಎಂದರು. ಖಂಡಿತ ಬರುತ್ತೇವೆ. ಒಬ್ಬರನ್ನು ಕರೆದರೆ 'ಬರುತ್ತೇವೆ' ಎಂದು ಬಹುವಚನ ಏಕೆ ಬಂತೆಂದು ಅವನು ಯೋಚಿಸಲಿಲ್ಲ. ಮರ್ಯಾದೆಯ ಬಹುವಚನ ಇರಬಹುದು ಎಂದುಕೊಂಡ.

ಅವನ ತಮಿಳಿನಲ್ಲಿ ಅಂದು ಒಂದಕ್ಷರವೂ ತಪ್ಪಿರಲಿಲ್ಲ. ಕೆಟ್ಟದ್ದೇ ಅಲ್ಲಿ. ತಮಿಳರ ಮನೆಗಳಲ್ಲಿ 'ಪಾಲ್ ಕಾಚುವುದು' ಎಂದರೆ ಗೃಹಪ್ರವೇಶ.

ಭಾನುವಾರ ಬೆಳಿಗ್ಗೆ ಮಧುರಾ ತಾಯಿಯನ್ನು ಕರೆತರಲು ಸೆಂಟ್ರಲ್‌ಗೆ ಹೋದಳು. ಮುರಳೀಧರ ಕೈಯಲ್ಲೊಂದು ಹಾಲಿನ ಪ್ಯಾಕೆಟ್ಟು, ಜೇಬಿನಲ್ಲಿ ಕಾಫಿಪುಡಿ ಇಟ್ಟುಕೊಂಡು ಪೊನ್ನೇರಿಯಲ್ಲಿ ಇಳಿದ. ಡಚ್ ಹಾರ್ಬರ್ ಹೈಟ್ಸಿನ ಮುಂದೆ ರಸ್ತೆಯಗಲ ರಂಗೋಲಿ ಬಿಡಿಸಿದ್ದರು. ಗೇಟಿಗೆ ಬಾಳೆಕಂಬ. ಯಾರದೋ ಮನೆಯಲ್ಲಿ ಮದುವೆ, ಮಧ್ಯಾಹ್ನದ ಊಟಕ್ಕೆ ದಾರಿಯಾಯಿತು ಎಂದು ಸಂತೋಷಪಡುತ್ತ ಮೇಲೆ ಹತ್ತಿದ. ಮಾವಿನ ತೋರಣ ಅವನ ಬಾಗಿಲಲ್ಲೇ ತೂಗುತ್ತಿತ್ತು. ಮೊಬೈಲಿನಿಂದ ನಾದಸ್ವರ ಬರುತ್ತಿತ್ತು. ರೇಷ್ಮೆ ಸೀರೆ ಉಟ್ಟ ಹೆಂಗಸರು ತಟ್ಟೆ ಹಿಡಿದು ಮೆಟ್ಟಿಲುದ್ದಕ್ಕೂ ನಿಂತಿದ್ದರು. ಮುಂಚೂಣಿಯಲ್ಲಿ ಧನಭಾಗ್ಯಂ, ಕೈಯಲ್ಲಿ ಮೊಳಕಾಲೆತ್ತರದ ದೀಪದ ಕಂಬ.

"ಅಮ್ಮಾ ಎಂಗೆ ಸಾರ್?" ಅವರು ಅವನ ಬೆನ್ನ ಹಿಂದೆ ಇಣುಕಿ ಹೆಂಡತಿಯನ್ನು ಹುಡುಕಿದರು.

ಅವಳು ಬಂದಿಲ್ಲ ಎಂದು ಹೇಳಲು ಹೋದ ಮುರಳೀಧರ, "ಅವಂಗ ಇಲ್ಲೆ," ಎಂದ. ಅವರು ಇಲ್ಲ.

ನಾದಸ್ವರ ನಿಂತಿತು. ಧನಭಾಗ್ಯಂ ಎದೆಯ ಮೇಲೆ ಕೈಯಿಟ್ಟರು. "ಐಯೋ. ಎಪ್ಪೋ ಸಾರ್?" ಅಯ್ಯೋ, ಯಾವಾಗ?

"ಕಾಲೈಲ ಪೋಯಿಟ್ಟಾಂಗ," ಎಂದು ಅವನು ವಿವರಿಸಿದ. ಬೆಳಿಗ್ಗೆ ಹೋದರು. ಎರಡನೇ ಮೆಟ್ಟಿಲಿನ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಿತು. "ಸೆಂಟ್ರಲ್ ಸ್ಟೇಷನ್‌ಗೆ," ಎಂದು ಅವನು ಗಾಬರಿಯಿಂದ ಸೇರಿಸಿದ ಮೇಲೆಯೇ ಎಲ್ಲರಿಗೂ ಉಸಿರು ಬಂದದ್ದು, ಮಧುರಾಳಿಗೆ ಮರುಜೀವ ಬಂದದ್ದು.

ಆ ಸಂಭ್ರಮದಲ್ಲಿ ಅವನ ಮಾತು ಕೇಳುವವರು ಯಾರು? "ಇಲ್ಲೆ, ಪಾಲ್ ಮಟ್ಟುಂ, ಪಾಲ್ ಮಟ್ಟುಂ," ಎಂದು ಬೇಡಿಕೊಂಡ. ಹಾಲು ಮಾತ್ರ! "ಆಮಾಂ, ಸಿಂಪಲ್ಲಾ," ಎಂದು ಧನಭಾಗ್ಯಂ ಹೌದುಗುಟ್ಟಿ, ಅವನ ಸರಳತೆಯನ್ನು ಮೆಚ್ಚಿಕೊಂಡು ಹೊಸ ಪಾತ್ರೆಗೆ ಅರಿಶಿನದ ಕೊಂಬು ಕಟ್ಟಿ, ಒಲೆ ಹಚ್ಚಿ, ಅವನ ಕೈಯಿಂದಲೇ ಹಾಲು ಸುರಿಸಿದರು. ಯಾರೋ ಫೋಟೋ ತೆಗೆದು ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದರು. ಆ ಗುಂಪಿಗೆ ಮಧುರಾಳನ್ನು ಸೇರಿಸಿದವನು ಸ್ವತಃ ಮುರಳೀಧರ.

ಫೋನ್ ಬಂತು.

"ರೀ, ಏನ್ ನಡೀತಿದೆ ಅಲ್ಲಿ?"

"ಕಾಫಿ ಮಾಡ್ತಿದೀನಿ ಕಣೆ."

"ಕಾಫಿಗೆ ಬಾಳೆಕಂಬ ಯಾಕ್ರೀ?"

ಅಷ್ಟರಲ್ಲಿ ಅತ್ತ ಫೋನು ಕೈ ಬದಲಾಯಿತು. ನಾಗರತ್ನಮ್ಮನವರ ದನಿ ತೀರ ಮೆಲ್ಲಗಿತ್ತು. ಅದು ಬೈಗುಳಕ್ಕಿಂತ ಕೆಟ್ಟದ್ದು.

"ಅಳಿಯಂದ್ರೇ, ಉಕ್ತಾ?"

"ಇಲ್ಲ ಅತ್ತೆ. ಕಾಯ್ತಾ ಇದೆ."

"ನಾನೂ ಕಾಯ್ತಾನೇ ಇದೀನಿ, ಎಷ್ಟೋ ವರ್ಷದಿಂದ. ಪಕ್ಕದ ಪ್ಲಾಟ್‌ಫಾರಮ್ಮಿಗೇ ಬರ್ತದಂತೆ ನಿಮ್ಮೂರ ರೈಲು. ಬರ್ತಿದೀವಿ. ಅಲ್ಲೀವರ್ಗೂ ಅದೂ ಕಾಯ್ಲಿ."

ಒಲೆ ಆರಿಸಲು ಮುರಳೀಧರ ಕೈ ಚಾಚಿದ. ಆ ಕೈಯ ಮೇಲೆ ನಾಲ್ಕು ಕೈಗಳು ಬಿದ್ದವು. ಈ ಒಲೆಯನ್ನು ನಡುವೆ ಆರಿಸುವುದು ಅಪಶಕುನವಂತೆ. ಸಣ್ಣ ಮಾಡಿದ. ಯಾರೋ ದೊಡ್ಡದು ಮಾಡಿದರು. ಕೆನೆ ಮೇಲೆದ್ದಾಗ ಅವನು ಬಗ್ಗಿ ಊದಿದ. ಗೃಹಪ್ರವೇಶದ ಹಾಲನ್ನು ಊದಿ ಕೂರಿಸುವ ಯಜಮಾನನನ್ನು ಆ ಹೆಂಗಸರು ಹಿಂದೆಂದೂ ಕಂಡಿರಲಿಲ್ಲ. ಕನ್ನಡದವರಲ್ಲಿ ಹೀಗೊಂದು ಶಾಸ್ತ್ರ ಇದ್ದೀತೆಂದು ಅಜ್ಜಿ ಕೈಮುಗಿಯಿತು. ಕೊನೆಗೆ ಅವನು ಬೆವರುತ್ತ, "ಮಾಮಿಯಾರ್ ವರಾಂಗ," ಎಂದ. ಅತ್ತೆ ಬರುತ್ತಿದ್ದಾರೆ.

ಆ ಬೆಳಗಿನಲ್ಲಿ ಅವನಾಡಿದ ಮಾತುಗಳಲ್ಲಿ ಸಂಪೂರ್ಣ ಅರ್ಥವಾದದ್ದು ಅದೊಂದೇ. ಹೆಂಗಸರೆಲ್ಲ ಸೆರಗು ಸರಿಪಡಿಸಿಕೊಂಡು ಗೋಡೆಗೆ ಸರಿದರು. ಧನಭಾಗ್ಯಂ ತಾವೇ ಒಲೆಯನ್ನು ಸಣ್ಣ ಮಾಡಿದರು.

ತಾಯಿ ಮಗಳು ಹತ್ತಿದ ರೈಲನ್ನು ನಡುದಾರಿಯ ಅತ್ತಿಪಟ್ಟಿನಲ್ಲಿ ನಿಲ್ಲಿಸಿದರು, ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು. ಮತ್ತೆ ನಿಲ್ಲಿಸಿದರು, ಕಲ್ಲಿದ್ದಲಿನ ಗೂಡ್ಸಿಗೆ ದಾರಿ ಬಿಡಲು. ಇತ್ತ ಮುರಳೀಧರ ಸೌಟು ತಿರುಗಿಸುತ್ತಲೇ ಇದ್ದ. ಹಾಲು ಹಳದಿಯಾಯಿತು, ಗಟ್ಟಿಯಾಯಿತು, ಸೌಟು ನಿಂತಲ್ಲೇ ನಿಲ್ಲತೊಡಗಿತು.

ನಾಗರತ್ನಮ್ಮ ಬಂದರು. ಬಾಗಿಲಲ್ಲಿ ಧನಭಾಗ್ಯಂ ಆರತಿ ಎತ್ತಿದರು. ಅತ್ತೆ ಸೀದಾ ಒಲೆಯ ಹತ್ತಿರ ಹೋಗಿ ಪಾತ್ರೆಯೊಳಗೆ ಬಗ್ಗಿ ನೋಡಿದರು. ಅಳಿಯನ ಮುಖ ನೋಡಿದರು. ಮತ್ತೆ ಪಾತ್ರೆ ನೋಡಿದರು.

"ಇದು ಇನ್ನು ಈ ಜನ್ಮದಲ್ಲಿ ಉಕ್ಕಲ್ಲ," ಎಂದರು. "ಒಟ್ಟಿನಲ್ಲಿ ಉಕ್ಕಲಿಲ್ಲ ತಾನೇ. ಅಷ್ಟು ಸಾಕು."

ಧನಭಾಗ್ಯಂ ಆಗಲೇ ತಮ್ಮ ಮನೆಯಿಂದ ಬೇರೆ ಪಾತ್ರೆ, ಹೊಸ ಹಾಲು ತಂದಿದ್ದರು. "ಕೊಂಜಂ?" ಎಂದರು. "ಕೊಂಚ ಏಕೆ, ಪೂರ್ತಿ ಸುರೀರಿ," ಎಂದರು ನಾಗರತ್ನಮ್ಮ. ಹಾಲು ಕಾಯಿತು, ನಡುಗಿತು, ಬಿಳಿಯ ಹೂವಿನಂತೆ ಎದ್ದು ಪೂರ್ವದ ಅಂಚಿನಿಂದ ಚೆಲ್ಲಿತು. ಹೆಂಗಸರು ನಾಲಿಗೆ ತಿರುಗಿಸಿ ಶುಭಕ್ಕೆಂದು ಕುಲವೈ ಕೂಗಿದರು. ನಾಗರತ್ನಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಹೊಗೆ ಎಂದರು. ಗ್ಯಾಸ್ ಒಲೆಯಲ್ಲಿ ಹೊಗೆ ಎಲ್ಲಿಯದೆಂದು ಯಾರೂ ಕೇಳಲಿಲ್ಲ.

ಆಮೇಲೆ ಎಲ್ಲ ಹಗುರವಾಯಿತು. ಬರುವ ವಾರದ ಪೂಜೆಗೂ ಇದೇ ಜನ ಬರಬೇಕೆಂದು ಅತ್ತೆ ಕನ್ನಡದಲ್ಲಿ ಕರೆದರು, ಅವರು ತಮಿಳಿನಲ್ಲಿ ಒಪ್ಪಿದರು. ಮುರಳೀಧರ ಚಪ್ಪಲಿ ಮೆಟ್ಟಿ, ಬೀಗದ ಕೈ ಕುಣಿಸುತ್ತ, "ಸರಿ, ಹೊರಡೋಣ. ಮನೆಗೆ ಹೋಗಿ ಒಂದು ನಿದ್ದೆ ಹೊಡೀಬೇಕು," ಎಂದ.

"ಬೀಗ ಹಾಕೋ ಹಾಗಿಲ್ಲ," ಎಂದರು ನಾಗರತ್ನಮ್ಮ. "ಹಾಲುಕ್ಕಿದ ಮನೇನ ಅವತ್ತೇ ಬಿಟ್ಟು ಹೋಗಬಾರದು. ಯಜಮಾನ ರಾತ್ರಿ ಅಲ್ಲೇ ಮಲಗಬೇಕು."

"ಆಮಾಂ, ಆಮಾಂ," ಎಂದರು ಧನಭಾಗ್ಯಂ.

"ಇಲ್ಲಿ ಫ್ಯಾನ್ ಇಲ್ಲ, ಹಾಸಿಗೆ ಇಲ್ಲ. ಬೆಳಿಗ್ಗೆಯಿಂದ ಒಂದು ಲೋಟ ಕಾಫಿ ಸಹ ಕುಡಿದಿಲ್ಲ ನಾನು," ಎಂದು ಮುರಳೀಧರ ಹೆಂಡತಿಯ ಕಡೆ ತಿರುಗಿದ.

"ಕಾಫಿಪುಡಿ ನಿಮ್ಮ ಜೇಬಲ್ಲೇ ಇದೆ. ಮಾಡ್ಕೊಂಡು ಕುಡೀರಿ."

"ಹಾಲು?"

"ನೀವೇ ಕಾಯಿಸಿದ್ದು ಇದೆಯಲ್ಲ," ಎಂದಳು ಮಧುರಾ, ತಾಯಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯುತ್ತ. "ಧನಭಾಗ್ಯಂ ಅವರ ಹತ್ತಿರ ಒಂದು ಚಾಕು ಇಸ್ಕೊಳ್ಳಿ. ಬೇಕಾದಷ್ಟು ಕೊಯ್ಕೋಬಹುದು."